‘ಬರ್ತೀನಿ’ ಅಂದರೆ ಯಾವಾಗ?

ಪುಣೆಯ ಯೆರವಡಾದಲ್ಲಿ ಸಂಜೆ ಏಳರ ಹೊತ್ತು. ಕಟ್ಟಡದ ಕೆಲಸಕ್ಕೆ ಹೋದವರು ಮರಳಿ ಬಂದು, ಕೈಕಾಲು ತೊಳೆದು, ಒಲೆ ಹಚ್ಚುವ ಸಮಯ. ಇಂಡಿ, ಸಿಂದಗಿ, ಅಫಜಲಪುರದ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆಯಾದ ಮನೆಗಳಲ್ಲಿ ಮೊಬೈಲು ರಿಂಗಾಗುವುದು ಈ ಹೊತ್ತಿಗೇ. ಊರಿಂದ ಮುತ್ಯಾನ ಫೋನು. “ಏನ್ ಮಾಡಾಕತ್ತೀಯೋ ತಮ್ಮಾ?” ಮರಾಠಿ ಶಾಲೆಗೆ ಹೋಗುವ ಮೊಮ್ಮಗ ರೊಟ್ಟಿ ಮುರಿಯುತ್ತಲೇ “ಉಣ್ಣಾಕತ್ತೀನಿ ಮುತ್ಯಾ” ಅನ್ನುತ್ತಾನೆ. ಫೋನು ತಂಗಿಯ ಕೈಗೆ ಹೋಗುತ್ತದೆ. ಅವಳದೂ ಅದೇ ಉತ್ತರ: “ಉಣ್ಣಾಕತ್ತೀನಿ.”

ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಅದನ್ನೇ ಕೇಳಿದರೆ ಲೆಕ್ಕ ಬದಲಾಗುತ್ತದೆ. ಅಣ್ಣ ‘ಜೇವತೋಯ್’ ಅನ್ನಬೇಕು, ತಂಗಿ ‘ಜೇವತೇಯ್’ ಅನ್ನಬೇಕು. ಹೇಳುವವರು ಗಂಡೋ ಹೆಣ್ಣೋ ಎಂಬುದನ್ನು ಮರಾಠಿಯ ಕ್ರಿಯಾಪದ ಬಿಟ್ಟುಕೊಡುತ್ತದೆ, ಕನ್ನಡದ್ದು ಬಿಟ್ಟುಕೊಡುವುದಿಲ್ಲ. ಕನ್ನಡದಲ್ಲಿ ಆ ವ್ಯತ್ಯಾಸವೇನಿದ್ದರೂ ಮುತ್ಯಾನ ‘ಮಾಡಾಕತ್ತೀಯೋ’, ‘ಮಾಡಾಕತ್ತೀಯೇ’ಗಳ ಬಾಲದಲ್ಲಿ, ಅಂದರೆ ಕರೆಯುವ ದನಿಯಲ್ಲಿ. ಆರು ವರ್ಷದ ಮಕ್ಕಳು ಇದನ್ನು ಎಲ್ಲೂ ತಪ್ಪದೆ ಮಾಡುತ್ತಾರೆ. ಇದು ವರ್ತಮಾನಕಾಲದ ರೂಪಾವಳಿ ಎಂದು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ.

ನಮಗಾದರೋ ಹೇಳಿಕೊಟ್ಟಿದ್ದಾರೆ. ಮತ್ತು ಹೇಳಿಕೊಟ್ಟದ್ದರಲ್ಲಿ ಅರ್ಧ ಸರಿಯಿಲ್ಲ.

ಮೂರು ಕಾಲದ ಪಟ್ಟಿ

ಪ್ರಾಥಮಿಕ ಶಾಲೆಯ ವ್ಯಾಕರಣದ ಪುಟ ಯಾರಿಗೆ ನೆನಪಿಲ್ಲ? ಭೂತಕಾಲ: ಮಾಡಿದನು. ವರ್ತಮಾನಕಾಲ: ಮಾಡುತ್ತಾನೆ. ಭವಿಷ್ಯತ್ಕಾಲ: ಮಾಡುವನು. ಧಾತು ಒಂದು, ನಡುವೆ ಕಾಲ ತೋರಿಸುವ ತುಂಡು ಒಂದು, ಕೊನೆಗೆ ‘ಯಾರು’ ಎಂದು ತೋರಿಸುವ ಬಾಲ ಒಂದು. ಮಾಡು–ತ್ತ–ಏನೆ, ಮಾಡು–ತ್ತ–ಆಳೆ, ಮಾಡು–ತ್ತ–ಆರೆ. ಜೋಡಣೆ ಅಚ್ಚುಕಟ್ಟಾಗಿದೆ. ಎರಡು ಅಂಕದ ಪ್ರಶ್ನೆಗೆ ಸಾಕು.

ಆದರೆ ಮನೆಯಲ್ಲಿ ‘ನಾಳೆ ಬರುವೆನು’ ಎಂದು ಯಾರಾದರೂ ಹೇಳಿದ್ದುಂಟೆ? ನಾಟಕದ ರಾಜ ಹೇಳಿದ್ದಾನು. ಮದುವೆಯ ಕರೆಯೋಲೆಯಲ್ಲಿ ‘ಜರುಗುವುದು’ ಎಂದು ಅಚ್ಚಾಗಿರುತ್ತದೆ. ಉಳಿದವರೆಲ್ಲ ನಾಳೆಗೂ ‘ಬರ್ತೀನಿ’ ಅನ್ನುತ್ತಾರೆ, ಮುಂದಿನ ದೀಪಾವಳಿಗೂ ‘ಬರ್ತೀನಿ’ ಅನ್ನುತ್ತಾರೆ. ‘ದಿನಾ ಎಂಟಕ್ಕೆ ಬರ್ತೀನಿ’ ಎಂಬಲ್ಲೂ ಅದೇ ರೂಪ. ಹೊರಟು ನಿಂತವರೂ ‘ಬರ್ತೀನಿ’ ಎಂದೇ ಹೇಳಿ ಹೋಗುತ್ತಾರೆ.

ಇನ್ನು, ಈಗ ಈ ಕ್ಷಣ ನಡೆಯುತ್ತಿರುವುದಕ್ಕೆ ‘ಬರ್ತೀನಿ’ ಸಾಲುವುದೇ ಇಲ್ಲ. ಅದಕ್ಕೆ ‘ಬರ್ತಾ ಇದೀನಿ’ ಬೇಕು. ಹೋಟೆಲಿನಲ್ಲಿ ಮಾಣಿಯನ್ನು ಕರೆದು ನೋಡಿ: ಇನ್ನೂ ಮೂರು ಟೇಬಲ್ ಆಚೆ ಇದ್ದವನು ‘ಬಂದೆ ಸಾರ್’ ಎಂದು ಭೂತಕಾಲದಲ್ಲಿ ಕೂಗುತ್ತಾನೆ. ಅಂದರೆ ವರ್ತಮಾನಕಾಲವೆಂದು ಪಟ್ಟಿಯಲ್ಲಿರುವ ರೂಪ ಮುಖ್ಯವಾಗಿ ಭವಿಷ್ಯವನ್ನೂ ರೂಢಿಯನ್ನೂ ಹೇಳುತ್ತದೆ. ಭವಿಷ್ಯವೆಂದು ಇರುವುದು ಪುಸ್ತಕ ಬಿಟ್ಟು ಹೊರಗೆ ಬರುವುದಿಲ್ಲ. ನಿಜವಾದ ವರ್ತಮಾನ ಪಟ್ಟಿಯಲ್ಲೇ ಇಲ್ಲ.

ಈ ಗೋಜಲನ್ನು ಕೂತು ಬಿಡಿಸಿದ ಜಾಗಗಳಲ್ಲಿ ಒಂದು, ಮುತ್ಯಾನ ಫೋನು ಬರುವ ಆ ಬಡಾವಣೆಗಳ ಮಗ್ಗುಲಲ್ಲೇ ಇದೆ.

ಜೈಲಿನ ಊರಿನಲ್ಲೊಂದು ಕಾಲೇಜು

ಕನ್ನಡ ಓದುಗರಿಗೆ ಯೆರವಡಾ ಅಂದೊಡನೆ ಹೊಳೆಯುವುದು ಜೈಲು. ಗಾಂಧೀಜಿ ಅಲ್ಲಿ ಮತ್ತೆ ಮತ್ತೆ ಸೆರೆಯಲ್ಲಿದ್ದರು. 1932ರ ಪುಣೆ ಒಪ್ಪಂದ ಅಲ್ಲೇ ಆಯಿತು. ಅದೇ ಯೆರವಡಾದಲ್ಲಿ, ನೂರು ಎಕರೆಗೂ ಮಿಗಿಲಾದ ಮರಗಳ ಆವರಣದಲ್ಲಿ, ಕಲ್ಲಿನ ಗೋಪುರದ ಡೆಕ್ಕನ್ ಕಾಲೇಜು ಇದೆ. 1821ರಲ್ಲಿ ಊರೊಳಗಿನ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಶುರುವಾದದ್ದು, 1864ರಲ್ಲಿ ಈ ಹೆಸರು ಪಡೆದು, 1868ರಲ್ಲಿ ಸರ್ ಜಮಶೇಟ್‌ಜಿ ಜೀಜೀಭಾಯ್ ಅವರ ದಾನದ ಹಣದ ನೆರವಿನಿಂದ ಕಟ್ಟಿದ ಈ ಕಟ್ಟಡಕ್ಕೆ ಬಂತು. ತಿಲಕರು ಓದಿದ್ದು ಇಲ್ಲಿ. ಜರ್ಮನಿಯ ಸಂಸ್ಕೃತ ವಿದ್ವಾಂಸ ಕೀಲ್‌ಹಾರ್ನ್ ಕಲಿಸಿದ್ದು ಇಲ್ಲಿ. 1934ರಲ್ಲಿ ಸರ್ಕಾರ ಮುಚ್ಚಿದ ಕಾಲೇಜು 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಮತ್ತೆ ತೆರೆಯಿತು. ಅಲ್ಲಿಂದ ಮುಂದಿನದು ನಮಗೆ ಸಂಬಂಧಪಟ್ಟ ಕಥೆ.

ಸಂಸ್ಥೆ ತನ್ನ ಪ್ರೌಢಪ್ರಬಂಧಗಳ ಮಾಲೆಯನ್ನು ಆರಂಭಿಸಿದಾಗ ಅದರ ಮೊದಲ ಪುಸ್ತಕವೇ ಕನ್ನಡದ್ದು: ಜಿ. ಎಸ್. ಗಾಯಿ ಅವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ, 1946. ಮುಂದೆ ಶಾಸನತಜ್ಞರಾಗಿ ಹೆಸರಾದ ಗಾಯಿಯವರು ಕಾವ್ಯಗಳನ್ನು ಬದಿಗಿಟ್ಟು, ಎಂಟು, ಒಂಬತ್ತು, ಹತ್ತನೇ ಶತಮಾನಗಳ ಕಲ್ಬರಹಗಳಲ್ಲಿ ಕಂಡ ರೂಪಗಳನ್ನಷ್ಟೇ ಆಧಾರ ಮಾಡಿಕೊಂಡರು. ಕವಿ ಬಳಸಿದ ರೂಪ ಅವನ ಕಾಲದ್ದೋ, ಅವನಿಗಿಂತ ಹಿಂದಿನದ್ದೋ ಎಂಬ ಅನುಮಾನ ಯಾವಾಗಲೂ ಇರುತ್ತದೆ; ತೇದಿ ಕೆತ್ತಿದ ಕಲ್ಲಿಗೆ ಆ ತೊಂದರೆ ಕಡಿಮೆ.

1950ರ ದಶಕದಲ್ಲಿ ಗಾಳಿ ಬದಲಾಯಿತು. ರಾಕ್‌ಫೆಲರ್ ಪ್ರತಿಷ್ಠಾನದ ಹಣದ ನೆರವಿನಿಂದ ಇಲ್ಲಿ ಭಾಷಾವಿಜ್ಞಾನದ ಕಮ್ಮಟಗಳು ನಡೆಯತೊಡಗಿದವು. ಬರೆದದ್ದಕ್ಕಿಂತ ಆಡಿದ್ದನ್ನು ಕೇಳಿ ಬರೆದುಕೊಳ್ಳುವುದು ಆ ಕಮ್ಮಟಗಳ ಪಾಠ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಕಾರುಕ್ ಭಾಷೆಯ ಮೇಲೆ ಕೆಲಸ ಮಾಡಿದ್ದ ವಿಲಿಯಂ ಬ್ರೈಟ್ ಎಂಬ ತರುಣ ವಿದ್ವಾಂಸ 1955ರಿಂದ 1957ರವರೆಗೆ ಇಲ್ಲಿದ್ದರು. ಅದರ ಫಲವಾಗಿ 1958ರಲ್ಲಿ ಇದೇ ಸಂಸ್ಥೆಯಿಂದ ಬಂದ ಪುಸ್ತಕ ‘ಆನ್ ಔಟ್‌ಲೈನ್ ಆಫ್ ಕಲೋಕ್ವಿಯಲ್ ಕನ್ನಡ’. ‘ಮಾಡುತ್ತೇನೆ’ಯನ್ನಲ್ಲ, ‘ಮಾಡ್ತೀನಿ’ಯನ್ನು ವ್ಯಾಕರಣದ ಮೇಜಿನ ಮೇಲಿಟ್ಟ ಮೊದಮೊದಲ ಕೆಲಸಗಳಲ್ಲಿ ಇದೊಂದು. ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ ಕೂಡ ಭಾಷಾವಿಜ್ಞಾನ ಕಲಿಯಲು ಬಂದದ್ದು ಇಲ್ಲಿಗೇ. 1959ರಲ್ಲಿ ಅಮೆರಿಕಕ್ಕೆ ಹೋದವರು 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ವಿಷಯ: ಕನ್ನಡ ವ್ಯಾಕರಣ. ಕವಿಯೆಂದಷ್ಟೇ ಅವರನ್ನು ಬಲ್ಲವರಿಗೆ ಇದು ಚೂರು ಅಚ್ಚರಿಯ ಸುದ್ದಿ.

ಆಮೇಲೆ ಊರೂರಿನ ಕನ್ನಡ ಇಲ್ಲಿಂದ ಪುಸ್ತಕವಾಗಿ ಬಂತು: ಹಾಲಕ್ಕಿ ಕನ್ನಡ, ನಂಜನಗೂಡಿನ ಕನ್ನಡ, ಗುಲಬರ್ಗಾದ ಕನ್ನಡ, ಬಾರ್ಕೂರಿನ ಕನ್ನಡ. ಕರ್ನಾಟಕದಲ್ಲಿ ‘ಗ್ರಾಮ್ಯ’ ಎಂದು ಮೂಗು ಮುರಿಯುತ್ತಿದ್ದ ರೂಪಗಳು ಮಹಾರಾಷ್ಟ್ರದ ಒಂದು ಕಾಲೇಜಿನಲ್ಲಿ ಪಟ್ಟಿ ಕಟ್ಟಿಕೊಂಡು ಕೂತವು.

ಎರಡೇ ಕಾಲ

ಇಲ್ಲಿ ಕೆಲಸ ಮಾಡಿದ ಕನ್ನಡಿಗರಲ್ಲಿ ವರ್ತಮಾನಕಾಲದ ಬುಡಕ್ಕೇ ಕೈ ಹಾಕಿದವರು ಡಿ. ಎನ್. ಶಂಕರ ಭಟ್ಟರು. ತುಳುವಿನ ವಿಶ್ಲೇಷಣೆ (1967), ಕೊರಗರ ಭಾಷೆಯ ಅಧ್ಯಯನ (1971), ಹವ್ಯಕರ ಮಾತಿನ ವ್ಯಾಕರಣ (1971) ಎಲ್ಲವೂ ಡೆಕ್ಕನ್ ಕಾಲೇಜಿನ ಪ್ರಕಟಣೆಗಳು. ನಡುವೆ ಈಶಾನ್ಯದ ಬೋಡೊ, ತಾಂಖುಲ್ ನಾಗಾ ಭಾಷೆಗಳ ಶಬ್ದಕೋಶಗಳನ್ನೂ ಮಾಡಿದರು. ಇಷ್ಟು ಬೇರೆ ಬೇರೆ ಬಗೆಯ ಭಾಷೆಗಳನ್ನು ಕಿವಿಯಾರೆ ಕೇಳಿದವರಿಗೆ, ಸಂಸ್ಕೃತದ ಅಳತೆಗೆ ಹೊಲಿದ ಅಂಗಿ ಕನ್ನಡದ ಮೈಗೆ ಎಲ್ಲೆಲ್ಲಿ ಬಿಗಿಯುತ್ತದೆ ಎಂಬುದು ಬೇಗ ಕಂಡಿರಬೇಕು. 2000ದಲ್ಲಿ ಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಆ ಕಾಣ್ಕೆಯ ಪುಸ್ತಕ.

ಭಟ್ಟರ ವಾದ ಸರಳ. ಕನ್ನಡದ ಕ್ರಿಯಾಪದದಲ್ಲಿರುವುದು ಎರಡೇ ಕಾಲ. ಒಂದು, ಕಳೆದದ್ದು. ಇನ್ನೊಂದು, ಕಳೆಯದೆ ಇರುವುದು. ರೂಢಿ, ನಾಳೆ, ಮುಂದಿನ ವರ್ಷ ಎಲ್ಲವೂ ಈ ಎರಡನೆಯ ಮನೆಯಲ್ಲೇ ಇರುತ್ತವೆ.

ನಂಬಿಕೆ ಬರದಿದ್ದರೆ ಕ್ರಿಯಾಪದವನ್ನು ನಾಮಪದದ ಮುಂದೆ ನಿಲ್ಲಿಸಿ ನೋಡಬಹುದು. ‘ನಿನ್ನೆ ಮಾಡಿದ ಕೆಲಸ.’ ‘ನಾಳೆ ಮಾಡುವ ಕೆಲಸ.’ ಹಾಗಾದರೆ ದಿನಾ ಮಾಡುವ ಕೆಲಸ? ಅದೂ ‘ಮಾಡುವ’. ಮೂರನೆಯ ರೂಪವೊಂದು ಬೇಕೆಂದರೆ ಧಾತುವಿನಿಂದ ನೇರವಾಗಿ ಹುಟ್ಟುವುದಿಲ್ಲ. ‘ಇರು’ವನ್ನು ಕರೆದು ‘ಮಾಡುತ್ತಿರುವ ಕೆಲಸ’ ಎನ್ನಬೇಕು. ಮೂರು ಕಾಲಗಳು ನಿಜವಾಗಿಯೂ ಭಾಷೆಯ ಒಳಗೆ ಇದ್ದಿದ್ದರೆ ಇಲ್ಲೂ ಮೂರು ರೂಪ ಸಿಗಬೇಕಿತ್ತು. ಶಾಲೆಯ ಪಟ್ಟಿ ಮೂರು ಖಾನೆಗಳಿಗೆ ಮೊದಲು ಗೆರೆ ಎಳೆದು, ಆಮೇಲೆ ರೂಪಗಳನ್ನು ತುಂಬಿಸಿದೆ.

ಭಟ್ಟರು 1999ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಇದನ್ನೇ ಜಗತ್ತಿನ ಭಾಷೆಗಳ ಹಿನ್ನೆಲೆಯಲ್ಲಿಟ್ಟರು. ಕೆಲವು ಭಾಷೆಗಳಿಗೆ ‘ಯಾವಾಗ’ ಮುಖ್ಯ, ಕೆಲವಕ್ಕೆ ‘ಮುಗಿಯಿತೋ ನಡೆದಿದೆಯೋ’ ಮುಖ್ಯ, ಮತ್ತೆ ಕೆಲವಕ್ಕೆ ‘ನಿಜವಾದದ್ದೋ ಊಹಿಸಿದ್ದೋ’ ಮುಖ್ಯ. ಕನ್ನಡ ಮೊದಲನೆಯ ಗುಂಪಿನದು. 2023ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಮಹಾಪ್ರಾಣಗಳನ್ನು ಬಿಡಬೇಕೆಂಬ ಅವರ ಸಲಹೆ. ನನ್ನ ಎಣಿಕೆಯಲ್ಲಿ ಈ ಎರಡು ಕಾಲದ ವಾದ ಅದಕ್ಕಿಂತ ದೊಡ್ಡದು. ಜಗಳಕ್ಕೆ ಒದಗಲಿಲ್ಲ ಅಷ್ಟೆ.

‘ದಪ’ ಎಲ್ಲಿ ಹೋಯಿತು?

ಹಾಗಾದರೆ ಕನ್ನಡಕ್ಕೆ ವರ್ತಮಾನ ಎಂದೂ ಇರಲಿಲ್ಲವೆ? 1260ರ ಸುಮಾರಿಗೆ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಇತ್ತು ಎನ್ನುತ್ತಾನೆ. ಅವನು ಹೇಳುವ ಕಾಲದ ಗುರುತುಗಳು ಮೂರು: ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯಕ್ಕೆ ‘ವ’. ನೋಡಿದಂ, ನೋಡಿದಪಂ, ನೋಡುವಂ.

ನಡುವಿನದನ್ನು ಕೊಂಚ ದಿಟ್ಟಿಸಿ. ‘ನೋಡಿದಪಂ’ನ ಒಳಗೆ ‘ನೋಡಿದ’ ಅಡಗಿದೆ. ಅದರ ಬೆನ್ನಿಗೆ ‘ಆಗು’ವಿನ ಹಳೆಯ ರೂಪವಾದ ‘ಅಪ್ಪ’ ಹತ್ತಿಕೊಂಡಿದೆ ಎಂಬ ವಿವರಣೆಯುಂಟು. ಅದನ್ನು ಒಪ್ಪಿದರೆ, ಕೇಶಿರಾಜನ ವರ್ತಮಾನವೂ ಭೂತದ ಮೇಲೆ ಇನ್ನೊಂದು ಕ್ರಿಯಾಪದವನ್ನು ಹೊರಿಸಿ ಕಟ್ಟಿದ್ದೇ. ನಡುಗನ್ನಡದ ಹೊತ್ತಿಗೆ ಎಷ್ಟೋ ‘ಪ’ಗಳು ‘ಹ’ ಆದಾಗ ಇದೂ ‘ನೋಡಿದಹನು’ ಎಂದು ಸವೆಯಿತು. ಜೊತೆಗೆ ‘ನೋಡುತಿಹನು’ ಎಂಬ ಹೊಸ ಕಟ್ಟಡ ಎದ್ದಿತು. ‘ದಪ’ ಇವತ್ತು ಕನ್ನಡ ಎಂ.ಎ. ವಿದ್ಯಾರ್ಥಿಗಳ ನೋಟ್ಸಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಹೊಸದರ ಕಟ್ಟಡವೂ ನೋಡುವಂಥದ್ದೇ. ‘ಇದ್ದಾನೆ’ ಎಂಬುದನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಇದಕ್ಕಿಂತ ವರ್ತಮಾನವಾದ ಮಾತು ಇನ್ನೊಂದಿಲ್ಲ. ಆದರೆ ಅದರ ಒಳಗಿರುವುದು ‘ಇದ್ದ’. ಭೂತಕಾಲದ ‘ಇದ್ದ’ಕ್ಕೆ ‘ಆನೆ’ ಎಂಬ ಬಾಲ ಹಚ್ಚಿದೊಡನೆ ಸತ್ತವನು ಬದುಕುತ್ತಾನೆ: ‘ಒಬ್ಬ ರಾಜ ಇದ್ದ’, ‘ಒಬ್ಬ ರಾಜ ಇದ್ದಾನೆ’. ಉತ್ತರ ಕರ್ನಾಟಕದವರು ಈ ಉಪಾಯವನ್ನು ಇನ್ನಷ್ಟು ದೂರ ಒಯ್ದಿದ್ದಾರೆ. ‘ಬಂದ’ ಎಂದರೆ ಬಂದನು. ‘ಬಂದಾನ’ ಎಂದರೆ ಬಂದು ಇಲ್ಲೇ ಇದ್ದಾನೆ. ‘ಹೊರಟ’ದಿಂದ ಆದ ‘ಹೊಂಟೀನಿ’ಗೆ ಈಗ ಹೋಗುತ್ತಿದ್ದೇನೆ ಎಂದೇ ಅರ್ಥ.

ಕೂರುವ, ನಿಲ್ಲುವ, ಮಲಗುವ ಮಾತುಗಳಲ್ಲಂತೂ ಇಡೀ ಕನ್ನಡನಾಡು ಒಂದೇ. ಈಗ ಕುರ್ಚಿಯಲ್ಲಿರುವವನು ‘ಕೂತಿದ್ದಾನೆ’. ‘ಕೂರ್ತಾ ಇದಾನೆ’ ಎಂದರೆ ಇನ್ನೂ ಬೆನ್ನು ಕುರ್ಚಿಗೆ ತಾಗಿಲ್ಲ. ಇಂಗ್ಲಿಷಿನ ಮೂಲಕ ಕನ್ನಡ ಕಲಿಯುವವರು ಎಡವುವ ಜಾಗ ಇದು. ಅವರ ಪುಸ್ತಕ ಎರಡಕ್ಕೂ ಒಂದೇ ರೂಪ ಕೊಟ್ಟಿರುತ್ತದೆ.

ವೇಲ್ಸಿನವರೂ ಹೀಗೇ

ವರ್ತಮಾನವನ್ನು ಇರುವ ಕ್ರಿಯಾಪದದ ಹೆಗಲ ಮೇಲೆ ಕೂರಿಸುವುದು ನಮ್ಮ ಖಾಸಗಿ ಚಾಳಿಯೇನಲ್ಲ. ಬ್ರಿಟನ್ನಿನ ಪಶ್ಚಿಮದಲ್ಲಿ ವೇಲ್ಸ್ ಇದೆ. ಅಲ್ಲಿಯ ವೆಲ್ಷ್ ಭಾಷೆಯನ್ನು 2021ರ ಜನಗಣತಿಯ ಪ್ರಕಾರ ಸುಮಾರು 5.38 ಲಕ್ಷ ಜನ, ಅಂದರೆ ನೂರಕ್ಕೆ ಹದಿನೆಂಟು ಮಂದಿಯ ಆಸುಪಾಸು, ಮಾತಾಡುತ್ತಾರೆ. ಕಲಿಯುವವರ ಮೊದಲ ಪಾಠವೇ ವರ್ತಮಾನಕಾಲ.

‘ಹಾಡು’ ಎಂಬ ಕ್ರಿಯೆಗೆ ಅಲ್ಲಿ ‘ಕನಿ’ ಎನ್ನುತ್ತಾರೆ. ನಾನು ಹಾಡುತ್ತೇನೆ: ‘ದು ಇನ್ ಕನಿ’. ನೀನು ಹಾಡುತ್ತೀಯ: ‘ಉಯ್ಟ್ ತೀನ್ ಕನಿ’. ಅವಳು ಹಾಡುತ್ತಾಳೆ: ‘ಮೈ ಹೀನ್ ಕನಿ’. ಕೊನೆಯ ‘ಕನಿ’ ಎಲ್ಲೂ ಅಲುಗಾಡುವುದಿಲ್ಲ. ಮೊದಲಿನ ದು, ಉಯ್ಟ್, ಮೈ ಅಷ್ಟೇ ಬದಲಾಗುತ್ತವೆ. ಅವು ಮೂರೂ ‘ಇರು’ ಕ್ರಿಯಾಪದದ ರೂಪಗಳು. ನಡುವಿನ ‘ನ್’ ಎಂಬ ಚೂರು ‘ಒಳಗೆ’ ಎಂಬರ್ಥದ ಶಬ್ದದಿಂದ ಬಂದಿರಬೇಕೆಂದು ವಿವರಿಸುವವರಿದ್ದಾರೆ. ಒಟ್ಟಿನಲ್ಲಿ ‘ಇದ್ದೇನೆ ನಾನು ಹಾಡುವುದರಲ್ಲಿ’ ಎಂಬ ಜೋಡಣೆ. ಕನ್ನಡದಲ್ಲಿ ಹೀಗೆಯೇ ಕಟ್ಟಿದರೆ ‘ಇನ್ನೇನು ಶುರುಮಾಡುವವನಿದ್ದೇನೆ’ ಎಂಬ ಅರ್ಥ ಬರುತ್ತದೆ, ‘ಹೊರಡುವುದರಲ್ಲಿದ್ದೆ, ಮಳೆ ಬಂತು’ ಎಂಬಂತೆ.

ಇದರಿಂದ ಕಲಿಯುವವರಿಗೆ ಭಾರೀ ಅನುಕೂಲ. ‘ಇರು’ವಿನ ಆರೇಳು ರೂಪ ಬಾಯಿಗೆ ಬಂದರೆ ಸಾವಿರ ಕ್ರಿಯಾಪದಗಳ ವರ್ತಮಾನ ಬಂದಂತೆಯೇ. ನೀನು–ನೀವು ವ್ಯತ್ಯಾಸವೂ ಅವರಲ್ಲಿದೆ, ನಮಗೆ ಹೊಸದಲ್ಲ. ‘ಹಾಡುತ್ತೀಯಾ?’ ಎಂದು ಕೇಳಿದರೆ ಅವರು ‘ಹೌದು’ ಎಂದು ಒಂದೇ ಶಬ್ದದಲ್ಲಿ ಎಲ್ಲಕ್ಕೂ ಉತ್ತರಿಸುವುದಿಲ್ಲ, ಕ್ರಿಯಾಪದವನ್ನೇ ತಿರುಗಿಸಿ ಹೇಳುತ್ತಾರೆ. ‘ಬರ್ತೀಯಾ?’ ‘ಬರ್ತೀನಿ’ ಎನ್ನುವ ನಮಗೆ ಇದೂ ಮನೆಯ ಮಾತೇ.

ಕುತೂಹಲದ ಸಂಗತಿ ಇನ್ನೂ ಇದೆ. ವೆಲ್ಷ್ ಭಾಷೆಗೆ ಒಂದೇ ಪದದ ಹಳೆಯ ವರ್ತಮಾನವೂ ಇತ್ತು: ‘ಕನವ್’, ಹಾಡುತ್ತೇನೆ. ಸಾಹಿತ್ಯದ ಭಾಷೆಯಲ್ಲಿ ಅದು ಇಂದಿಗೂ ಬದುಕಿದೆ. ಆದರೆ ‘ಇರು’ ಸೇರಿದ ಹೊಸ ರೂಪ ಆಡುಮಾತಿನ ವರ್ತಮಾನವನ್ನೆಲ್ಲ ಆಕ್ರಮಿಸಿಕೊಂಡ ಮೇಲೆ, ಹಳೆಯದು ಪಕ್ಕಕ್ಕೆ ಸರಿದು ಭವಿಷ್ಯವಾಯಿತು. ಇವತ್ತು ಮಾತಿನಲ್ಲಿ ಅದನ್ನು ಬಳಸಿದರೆ ‘ಹಾಡುತ್ತೇನೆ, ತಾಳು’ ಎಂದರ್ಥ. ನಮ್ಮ ‘ಬರ್ತೀನಿ’ಯ ದಾರಿಯೂ ಹತ್ತಿರಹತ್ತಿರ ಇದೇ. ‘ಬರ್ತಾ ಇದೀನಿ’ ಬಂದು ‘ಈಗ’ವನ್ನು ಕಸಿದುಕೊಂಡಿತು, ‘ಬರ್ತೀನಿ’ಗೆ ಉಳಿದದ್ದು ದಿನಾ ಮತ್ತು ನಾಳೆ.

ತುಕಾ ಮ್ಹಣೆ

ಇಲ್ಲೊಂದು ವಿಚಿತ್ರ. ವೆಲ್ಷ್‌ಗೂ ನಮಗೂ ನಂಟಿಲ್ಲ, ನಂಟಿರುವುದು ಮರಾಠಿಗೆ. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಮೂಲ ಒಂದೇ ಇರಬೇಕು ಎಂದಾಗ ಆ ಬಳಗಕ್ಕೆ ಕೆಲ್ಟಿಕ್ ಭಾಷೆಗಳನ್ನೂ ಸೇರಿಸಿದ್ದರು. ವೆಲ್ಷ್ ಆ ಕೆಲ್ಟಿಕ್ ಕವಲಿನದು. ಜೋನ್ಸರ ತಂದೆಯೇ ವೇಲ್ಸಿನ ಆಂಗಲ್ಸೀ ದ್ವೀಪದವರು. ದಕ್ಷಿಣದ ಭಾಷೆಗಳ ಬಳಗ ಬೇರೆಯೇ ಎಂದು ಮದ್ರಾಸಿನಲ್ಲಿ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ತೋರಿಸಿದ್ದು ಮೂವತ್ತು ವರ್ಷ ಕಳೆದು, 1816ರಲ್ಲಿ.

ಹಾಗಾಗಿ ಯೆರವಡಾದ ಆ ಮನೆಯಲ್ಲಿ ‘ಜೇವತೋಯ್’ ಎಂಬುದು ದೂರದ ವೆಲ್ಷ್‌ನ ದಾಯಾದಿ, ‘ಉಣ್ಣಾಕತ್ತೀನಿ’ ಅಲ್ಲ. ಆದರೂ ಮೂರೂ ಭಾಷೆಗಳು ಮಾಡಿದ್ದು ಒಂದೇ ಕೆಲಸ. ‘ಜೇವತೋಯ್’ ಎಂಬುದು ‘ಜೇವತೋ ಆಹೆ’ ಸವೆದು ಆದದ್ದು. ಅಲ್ಲಿಯೂ ಬೆನ್ನಿಗೆ ‘ಇರು’ವೇ.

ಮರಾಠಿಯ ಹಳೆಯ ವರ್ತಮಾನಕ್ಕೆ ಏನಾಯಿತು? ಸಂಸ್ಕೃತದಿಂದ ಪ್ರಾಕೃತದ ಮೂಲಕ ಇಳಿದುಬಂದ ‘ಕರೀ’, ‘ಸಾಂಗೇ’, ‘ಮ್ಹಣೇ’ಗಳು 1290ರ ಜ್ಞಾನೇಶ್ವರಿಯ ಕಾಲದಲ್ಲಿ ವರ್ತಮಾನವೇ. ಕೇಶಿರಾಜನಿಗೂ ಜ್ಞಾನೇಶ್ವರರಿಗೂ ನಡುವೆ ಮೂವತ್ತೇ ವರ್ಷ ಎಂಬುದು ನೆನಪಿರಲಿ. ಪುಣೆಗೆ ಹತ್ತಿರದ ದೇಹೂವಿನ ತುಕಾರಾಮರ ಅಭಂಗಗಳ ಅಂಕಿತ ‘ತುಕಾ ಮ್ಹಣೆ’ ನಮ್ಮಲ್ಲೂ ಎಲ್ಲರಿಗೂ ಗೊತ್ತು: ತುಕಾ ಹೇಳುತ್ತಾನೆ. ಮುಂದೆ ‘ಕರತೋ’, ‘ಸಾಂಗತೋ’ ಬಂದು ಆ ಜಾಗ ಹಿಡಿದಾಗ ಹಳೆಯ ರೂಪ ವೆಲ್ಷ್‌ನಂತೆ ಮುಂದಕ್ಕೆ ಸರಿಯಲಿಲ್ಲ, ಹಿಂದಕ್ಕೆ ಸರಿಯಿತು. ಈಗ ‘ಆಜೀ ಗೋಷ್ಟ ಸಾಂಗೇ’ ಎಂದರೆ ಅಜ್ಜಿ ಕಥೆ ಹೇಳುತ್ತಿದ್ದಳು ಎಂದರ್ಥ. ‘ಮ್ಹಣೇ’ಯಂತೂ ಇನ್ನೂ ಸವೆದು ನಮ್ಮ ‘ಅಂತೆ’ಯ ಕೆಲಸಕ್ಕೆ ನಿಂತಿದೆ: ‘ತೋ ಆಲಾ ಮ್ಹಣೇ’, ಅವನು ಬಂದನಂತೆ.

ಒಂದೇ ಬಗೆಯ ಒತ್ತಡ, ಮೂರು ಬಗೆಯ ಗತಿ. ವೆಲ್ಷ್‌ನ ಹಳೆಯ ವರ್ತಮಾನ ನಾಳೆಗೆ ಹೋಯಿತು, ಮರಾಠಿಯದು ನಿನ್ನೆಗೆ ಹೋಯಿತು, ಕನ್ನಡದ ‘ದಪ’ ಅಳಿದೇ ಹೋಯಿತು.

ಇಲ್ಲ ಎಂದರೆ

‘ಮಾಡುತ್ತೇನೆ’ಯಲ್ಲಿ ಇಷ್ಟೆಲ್ಲ ಬಾಲಗಳ ಮೆರವಣಿಗೆ ಇದ್ದರೂ, ‘ಇಲ್ಲ’ ಬಂದೊಡನೆ ಎಲ್ಲ ಚಪ್ಪಟೆ. ನಾನು ಮಾಡುವುದಿಲ್ಲ, ನೀನು ಮಾಡುವುದಿಲ್ಲ, ಅವಳು ಮಾಡುವುದಿಲ್ಲ. ಹಳಗನ್ನಡದಲ್ಲಿ ಇದು ತಿರುಗುಮುರುಗು: ಮಾಡೆಂ, ಮಾಡಯ್, ಮಾಡಂ. ‘ಯಾರು’ ಎಂಬ ಬಾಲ ಇತ್ತು, ‘ಯಾವಾಗ’ ಎಂಬ ತುಂಡೇ ಇರಲಿಲ್ಲ. ಮಾಡಲಿಲ್ಲ, ಮಾಡುವುದಿಲ್ಲ ಎರಡಕ್ಕೂ ಅದೊಂದೇ. ನಡೆಯದೇ ಇದ್ದ ಕೆಲಸಕ್ಕೆ ಕಾಲವೇಕೆ ಎಂದಿದ್ದರೇನೋ! ಒಲ್ಲೆ, ಅರಿಯೆ, ಆಗದು, ಸಾಲದು, ಕೂಡದು ಆ ಕಾಲದ ಉಳಿಕೆಗಳು.

ಧಾರವಾಡ, ವಿಜಯಪುರದ ಕಡೆ ಈ ಉಳಿಕೆಯಿಂದಲೇ ಒಂದು ಚೆಂದದ ವ್ಯತ್ಯಾಸ ಹುಟ್ಟಿದೆ. ‘ಮಳಿ ಬರಂಗಿಲ್ಲ’ ಎಂದರೆ ಬರುವುದಿಲ್ಲ. ‘ಮಳಿ ಬರವಲ್ದು’ ಎಂದರೆ ಕಾಯುತ್ತಿದ್ದೇವೆ, ಈಗ ಬರುತ್ತಿಲ್ಲ. ‘ಬರ ಒಲ್ಲದು’ ಕೂಡಿ ಆದ ರೂಪ ಇದು. ನಿದ್ದಿ ಬರವಲ್ದು, ತಿಳಿವಲ್ದು. ಅಚ್ಚಿನ ಕನ್ನಡದ ‘ಬರುತ್ತಿಲ್ಲ’ಕ್ಕೆ ಈ ಚಡಪಡಿಕೆ ಇಲ್ಲ.

ಇದ್ದೀನಿ, ಹತ್ತೀನಿ

ಮುತ್ಯಾನ ‘ಮಾಡಾಕತ್ತೀ’ಗೆ ಬರೋಣ. ಬೆಂಗಳೂರು, ಮೈಸೂರಿನವರು ‘ಈಗ’ಕ್ಕೆ ‘ಇರು’ವನ್ನು ಕರೆದರೆ, ಉತ್ತರದವರು ‘ತೊಡಗು’ ಎಂಬರ್ಥದ ‘ಹತ್ತು’ವನ್ನು ಕರೆಯುತ್ತಾರೆ. ಮಾಡಾಕ ಹತ್ತೀನಿ, ಮಾಡಲಿಕ್ಕೆ ಹತ್ತೀನಿ. ಕೂಡಿ ಮಾಡಾಕತ್ತೀನಿ, ಮಾಡ್ಲಿಕ್ಕತ್ತೀನಿ. ಕುಂದಾಪುರದವರಿಗೆ ‘ನಾ ಬತ್ತೆ’ ಸಾಕು. ಇವೆಲ್ಲ ಒಂದರ ಕೆಟ್ಟ ರೂಪ ಇನ್ನೊಂದಲ್ಲ, ಒಂದೇ ಕೊರತೆಗೆ ಬೇರೆ ಬೇರೆ ಊರು ಕಂಡುಕೊಂಡ ಬೇರೆ ಬೇರೆ ಪರಿಹಾರ. ಇದು ಗೊತ್ತಿಲ್ಲದ ಮೇಷ್ಟ್ರು ‘ಉಣ್ಣಾಕತ್ತೀನಿ’ ಎಂದು ಬರೆದ ಮಗುವಿನ ಹಾಳೆಗೆ ಕೆಂಪು ಗೆರೆ ಹಾಕಿ ‘ಉಣ್ಣುತ್ತೇನೆ’ ಎಂದು ತಿದ್ದುತ್ತಾರೆ. ತಿದ್ದಿದ ಮೇಲೆ ಅರ್ಥವೇ ಬೇರೆಯಾಗಿದೆ: ಈಗ ಉಣ್ಣುತ್ತಿದ್ದ ಮಗು ಆಮೇಲೆ ಉಣ್ಣುವ ಮಗುವಾಗಿದೆ.

ಕರ್ನಾಟಕದಿಂದ ಹೊರಗೆ ಬೆಳೆಯುವ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಕಲಿಸುವವರು ಪುಣೆಯಲ್ಲೂ ಇದ್ದಾರೆ, ಲಂಡನ್ನು, ಡಲ್ಲಾಸುಗಳಲ್ಲೂ ಇದ್ದಾರೆ. ಹಲವರು ಶುರುಮಾಡುವುದು ಅದೇ ಮೂರು ಖಾನೆಯ ಪಟ್ಟಿಯಿಂದ. ನನ್ನ ಮಾತು ನಡೆಯುವುದಾದರೆ ವೇಲ್ಸಿನವರ ಕ್ರಮವನ್ನು ಹಿಡಿಯಬೇಕು: ಮೊದಲು ‘ಇರು’. ಇದ್ದೀನಿ, ಇದ್ದೀಯ, ಇದ್ದಾನೆ, ಇದ್ದಾಳೆ, ಇದೆ. ಮನೆಮಾತು ಉತ್ತರದ್ದಾದರೆ ಅದೀನಿ, ಅದಾನ, ಐತಿ. ಇಷ್ಟು ಬಂದ ಮಗು ಯಾವ ಧಾತುವನ್ನು ಕೊಟ್ಟರೂ ‘ಈಗ’ ಏನು ನಡೆದಿದೆ ಎಂದು ಹೇಳಬಲ್ಲದು.

ಆಮೇಲೆ ಬಾಯಿಪಾಠ ಮಾಡಿಸಬೇಕಾದದ್ದು ಭೂತಕಾಲವನ್ನು. ಕನ್ನಡದ ಕಷ್ಟವೆಲ್ಲ ಅಲ್ಲಿದೆ: ಬಾ–ಬಂದ, ಕೊಡು–ಕೊಟ್ಟ, ಬೀಳು–ಬಿದ್ದ, ಸಾಯು–ಸತ್ತ, ಕೀಳು–ಕಿತ್ತ. ಇವಕ್ಕೆ ಸೂತ್ರ ಹೇಳುತ್ತ ಕೂತರೆ ಮಗು ಎದ್ದು ಹೋಗುತ್ತದೆ; ಕಥೆ ಹೇಳಿದರೆ ತಾನಾಗಿ ಬರುತ್ತದೆ, ಏಕೆಂದರೆ ಕಥೆಗಳೆಲ್ಲ ಭೂತಕಾಲದಲ್ಲಿರುತ್ತವೆ. ‘ಕೂತಿದ್ದಾನೆ’, ‘ಬಂದಿದ್ದಾಳೆ’ಗಳು ಆ ರೂಪಗಳ ಮೇಲೆ ‘ಇರು’ವನ್ನು ಇಟ್ಟೊಡನೆ ಸಿದ್ಧ. ‘ಮಾಡ್ತೀನಿ’, ‘ಹೋಗ್ತೀನಿ’ಗಳಿಗೆ ಪಾಠವೇ ಬೇಡ. ಬಾ, ತಾ ಅಂಥ ಒಂದೆರಡನ್ನು ಬಿಟ್ಟರೆ ಎಲ್ಲ ಧಾತುಗಳೂ ತಕರಾರಿಲ್ಲದೆ ಬಾಲ ಹಚ್ಚಿಕೊಳ್ಳುತ್ತವೆ. ‘ಮಾಡುವೆನು’, ‘ಬರುವೆನು’ಗಳನ್ನು ಮಗು ಹಳೆಯ ಕವಿತೆ ಓದುವ ವಯಸ್ಸಿಗೆ ತೆಗೆದಿಟ್ಟರಾಯಿತು.